ಮಡಿಕೇರಿಯಲ್ಲಿ ಕೂತು ವಿದೇಶಿ ಪ್ರೆಡಿಕ್ಷನ್ ಮಾರ್ಕೆಟ್‌ನಲ್ಲಿ (ಮುಂದೇನಾಗುತ್ತದೆ ಎಂದು ಊಹಿಸಿ ಹಣ ಕಟ್ಟುವ ತಾಣ) ಮಳೆ, ಚುನಾವಣೆ ಮೇಲೆ ಹಣ ಹಾಕಬಹುದೇ?

ಬೇಡ. ಇಂಥದೊಂದು ತಾಣವಾದ ಕಾಲ್ಶಿಗೆ ಅಮೆರಿಕದ ವಾಯಿದಾ ಮಾರುಕಟ್ಟೆ ನಿಯಂತ್ರಕ ಸಿಎಫ್‌ಟಿಸಿಯ ಮಾನ್ಯತೆ ಇದೆ ನಿಜ, ಅದು ಇಲ್ಲಿ ನಡೆಯುವುದಿಲ್ಲ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದ ಆನ್‌ಲೈನ್ ಗೇಮಿಂಗ್ ಕಾಯ್ದೆ ಕೌಶಲ, ಅದೃಷ್ಟ ಎಂದು ಭೇದ ಮಾಡದೆ ಹಣ ಕಟ್ಟುವ ಆಟವನ್ನೆಲ್ಲ ನಿಷೇಧಿಸುತ್ತದೆ; ಹೊರದೇಶದಿಂದ ನಡೆಸಿದರೂ ಅನ್ವಯ. ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಬರೀ ಆಡಿದವರಿಗೆ ಈ ಕಾಯ್ದೆಯಲ್ಲಿ ಶಿಕ್ಷೆಯಿಲ್ಲ, ಆದರೆ ಪ್ರಚಾರ ಮಾಡಿದರೆ 2 ವರ್ಷದವರೆಗೆ ಜೈಲಾಗಬಹುದು.

ನಿಜವಾಗಿ ಸಿಕ್ಕಿಬೀಳುವುದು ಹಣ ವಾಪಸ್ ತರುವಾಗ. ಇಂಥದೇ ಇನ್ನೊಂದು ತಾಣ ಪಾಲಿಮಾರ್ಕೆಟ್ ನಡೆಯುವುದು ಕ್ರಿಪ್ಟೊದಲ್ಲಿ, ಅಂದರೆ ಡಿಜಿಟಲ್ ಕರೆನ್ಸಿಯಲ್ಲಿ. ಅದನ್ನು ರೂಪಾಯಿ ಮಾಡಿಕೊಳ್ಳಲು ಅಪರಿಚಿತರಿಗೆ ಮಾರಿದಾಗ ಯಾರದೋ ವಂಚನೆಯ ದುಡ್ಡು ನಿಮ್ಮ ಖಾತೆಗೆ ಬಂದರೆ, ಬೇರೆ ರಾಜ್ಯದ ಸೈಬರ್ ಪೊಲೀಸರ ಒಂದು ಸೂಚನೆಗೇ ಖಾತೆ ಸ್ಥಗಿತವಾಗಬಹುದು. ಕಾಫಿ ಕಾರ್ಮಿಕರಿಗೆ ವಾರದ ಬಟವಾಡೆ ಮಾಡುವ ಖಾತೆ ಅದೇ ಆಗಿದ್ದರೆ ತೋಟದ ಕೆಲಸವೇ ನಿಲ್ಲುತ್ತದೆ. ಕ್ರಿಪ್ಟೊ ಲಾಭಕ್ಕೆ 30% ತೆರಿಗೆ ಬೇರೆ.