ಡ್ರಾಯಿಂಗ್ ಬಾರದವರು ಮನೆಗೋಡೆಗೆ ಟೈಲ್ಸ್ ಚೂರಿನ ಚಿತ್ರ ಮಾಡಬಹುದಾ?

ಗೋವಾದ ವಾಸ್ಕೋದಲ್ಲಿ ಸ್ವಂತ ಫ್ಲಾಟ್, ಹಾಲ್ ಗೋಡೆಗೆ ಮೊಸಾಯಿಕ್, ಅಂದ್ರೆ ಚೂರು ಅಂಟಿಸಿದ ಚಿತ್ರ, ಮಾಡುವ ಆಸೆ. ಮೊದಲು ಡ್ರಾಯಿಂಗ್ ಕ್ಲಾಸ್ ಸೇರಲೋ, ಇಲ್ಲಾ ಕಲಾವಿದರಿಗೇ ಕೊಟ್ಟುಬಿಡಲೋ ಅಂತ ಕೇಳಿದ್ದೀರಿ. ಎರಡೂ ಬೇಡ. ನಿಮ್ಮ ಚಿಂತೆಯೆಲ್ಲ ಕೈ ಮೇಲಿದೆ. ನನ್ನದೂ ಹಾಗೇ ಇತ್ತು, ಕೈಕೊಟ್ಟಿದ್ದು ಗೋಡೆ.

ನಾನು ಕುಮಟಾ ಕಡೆಯವಳು, ಮದುವೆಯಾಗಿ ಮಡಗಾಂವ್‌ಗೆ ಬಂದೆ. ಇಲ್ಲಿಯ ಹಳೇ ಮನೆಗಳ ನೆಲದಲ್ಲಿ ಒಡೆದ ಪಿಂಗಾಣಿ ಕೂರಿಸಿದ್ದು ನೋಡಿ ನೋಡಿ ಹುಚ್ಚು ಹಿಡಿಯಿತು. ಟೈಲ್ಸ್ ಅಂಗಡಿಯವರು ಒಡೆದ ಮಾಲನ್ನು ಹಿಂದುಗಡೆ ರಾಶಿ ಹಾಕಿರುತ್ತಾರೆ, ಕೇಳಿದರೆ ಸುಮ್ನೆ ಕೊಡುತ್ತಾರೆ. ಹಾಲ್‌ನಲ್ಲಿ ಹಲಸಿನ ಮರ ಮಾಡಿದೆ. ಕಾಯಿಯ ಮುಳ್ಳಿಗೆ ಹಸಿರು ಟೈಲ್ಸಿನ ಮೂರು ಮೂಲೆಯ ಚೂರು, ಬುಡದಲ್ಲಿ ಅತ್ತೆಯ ಒಡೆದ ಟೀ ಕಪ್, ಹಿಡಿ ಸಮೇತ. ಡ್ರಾಯಿಂಗ್ ಬಾರದಿದ್ದರೂ ಮರ ಮರದ ಹಾಗೇ ಕಾಣುತ್ತಿತ್ತು. ಚೂರುಗಳ ಕೆಲಸದಲ್ಲಿ ಗೆರೆ ಸೊಟ್ಟ ಇದ್ದರೇ ಚೆನ್ನ.

ಜುಲೈಯಲ್ಲಿ ಒಂದು ರಾತ್ರಿ ಟಕ್ ಅಂತ ಸದ್ದು. ಹಲ್ಲಿ ಏನೋ ಬೀಳಿಸಿರಬೇಕು ಅಂತ ಮಲಗಿದೆವು. ಆಮೇಲೆ ಕೊಂಬೆ ಕೊಂಬೆಯೇ ನೆಲಕ್ಕೆ ಬಂತು.

ಅಂಟು ಮೋಸ ಮಾಡಿತು ಅಂತ ಅಂಗಡಿಯವನ ಹತ್ತಿರ ಜಗಳಕ್ಕೆ ಹೊರಟಿದ್ದೆ. ಪಕ್ಕದ ಮನೆಗೆ ಬಾತ್‌ರೂಮ್ ಕೆಲಸಕ್ಕೆ ಬಂದಿದ್ದ ಬಾಗಲಕೋಟೆ ಕಡೆಯ ಮೇಸ್ತ್ರಿ ಬಿದ್ದ ಚೂರೊಂದನ್ನು ತಿರುಗಿಸಿ ತೋರಿಸಿದರು. "ಟೈಲ್ಸ್ ಎಲ್ಲಿ ಬಿದ್ದಾವ್ರೀ ಅಕ್ಕಾರ? ಪೇಂಟ್ ಬಿದ್ದೈತಿ." ನಿಜ. ಚೂರಿನ ಬೆನ್ನಿಗೆ ಅಂಟು ಗಟ್ಟಿಯಾಗಿ ಕೂತಿತ್ತು. ಅಂಟಿನ ಬೆನ್ನಿಗೆ ನಮ್ಮ ಗೋಡೆಯ ತಿಳಿ ಹಳದಿ ಬಣ್ಣ, ಹಾಲಿನ ಕೆನೆಯ ಹಾಗೆ ಎದ್ದು ಬಂದಿತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ನಾನು ನೋಡಿದ ಯಾವ ವಿಡಿಯೋದಲ್ಲೂ ಇದನ್ನು ಒತ್ತಿ ಹೇಳಿರಲಿಲ್ಲ. ಟೈಲ್ಸ್ ಅಂಟು ಸಿಮೆಂಟಿನದ್ದು. ಗಾರೆಯ ಸಣ್ಣ ಸಣ್ಣ ತೂತುಗಳಿಗೆ ಇಳಿದು ಅದು ಕಚ್ಚಿಕೊಳ್ಳಬೇಕು. ಬಣ್ಣ ಬಳಿದ ಗೋಡೆಯಲ್ಲಿ ಆ ತೂತುಗಳೆಲ್ಲ ಮುಚ್ಚಿರುತ್ತವೆ. ಒಳಗೆ ಪುಟ್ಟಿ ಬೇರೆ ಇರುತ್ತದೆ. ಆಗ ಅಷ್ಟೂ ಟೈಲ್ಸಿನ ಭಾರ ತೆಳ್ಳಗಿನ ಬಣ್ಣದ ಪದರದ ಮೇಲೆ. ಬೇಸಿಗೆಯಲ್ಲಿ ತಡೆಯುತ್ತದೆ. ನಮ್ಮದು ಚಿರೆಕಲ್ಲಿನ ಮನೆ. ಆ ಕಲ್ಲು ಮಳೆಗಾಲದಲ್ಲಿ ನೀರು ಕುಡಿಯುತ್ತದೆ. ಆ ತೇವ ಹೊರಬರಲು ನೋಡಿ ಬಣ್ಣವನ್ನು ಹಿಂದಿನಿಂದ ತಳ್ಳಿತು. ಅಂಟಿನ ಚೀಲದ ಮೇಲೆ ಬಣ್ಣ ತೆಗೆಯಿರಿ ಅಂತ ಬರೆದೇ ಇತ್ತು. ನಾನು ಮರಳು ಕಾಗದದಿಂದ ಉಜ್ಜಿ, ಇಷ್ಟು ಸಾಕು ಅಂದುಕೊಂಡಿದ್ದೆ. ಉಜ್ಜಿದರೆ ಹೊಳಪು ಹೋಗುತ್ತದೆ, ಬಣ್ಣ ಹೋಗಲ್ಲ. ಉಳಿ ಸುತ್ತಿಗೆ ಹಿಡಿದು ಗಾರೆ ಕಾಣುವವರೆಗೆ ಕೆತ್ತಬೇಕಿತ್ತು. ಕೊನೆಗೆ ಉಳಿದ ಮರವನ್ನೂ ಒಡೆದು, ಗೋಡೆಗೆ ಹೊಸ ಗಾರೆ ಮಾಡಿಸಬೇಕಾಯಿತು. ಮನೆಯವರು ಏನೂ ಅನ್ನಲಿಲ್ಲ, ಅದೇ ಜಾಸ್ತಿ ಚುಚ್ಚಿತು.

ಅದಕ್ಕೇ ಹೇಳೋದು, ಡ್ರಾಯಿಂಗ್ ಕ್ಲಾಸಿನ ದುಡ್ಡು ಉಳಿಸಿ. ಟೈಲ್ಸ್ ಹಾಕುವ ಮೇಸ್ತ್ರಿಯೊಬ್ಬರ ಜೊತೆ ಒಂದೆರಡು ದಿನ ನಿಲ್ಲಿ. ಫ್ರಾನ್ಸಿನ ಶಾರ್ತ್ರ್ ಊರಿನ ರೇಮಂಡ್ ಇಸಿದೋರ್ ಸ್ಮಶಾನದಲ್ಲಿ ಕಸ ಗುಡಿಸುತ್ತಿದ್ದವರು. 1938ರಲ್ಲಿ ಒಡೆದ ಪಾತ್ರೆ ಚೂರು ಆರಿಸಲು ಶುರು ಮಾಡಿ, ಗೋಡೆ, ಮಂಚ, ಒಲೆ ಯಾವುದನ್ನೂ ಬಿಡದೆ ಮನೆಯನ್ನೇ ಮುಚ್ಚಿಬಿಟ್ಟರು. ಚಂಡೀಗಢದ ರಾಕ್ ಗಾರ್ಡನ್ ಕಟ್ಟಿದ ನೇಕ್ ಚಂದ್ ಲೋಕೋಪಯೋಗಿ ಇಲಾಖೆಯ ರಸ್ತೆ ಇನ್ಸ್‌ಪೆಕ್ಟರ್. ಇಬ್ಬರೂ ಕಲಾಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಇನ್ನು ಕಲಾವಿದರಿಗೆ ಕೊಟ್ಟರೆ ಗೋಡೆ ಚೆಂದ ಆಗಬಹುದು, ಆದರೆ ನಿಮಗೆ ಬೇಕಿರುವುದು ಗೋಡೆ ಅಲ್ಲ, ಕೆಲಸ. ಅಲ್ವಾ?

ಹಾಲ್ ಗೋಡೆಯನ್ನಂತೂ ಈಗಲೇ ಮುಟ್ಟಬೇಡಿ. ಜೋರು ಮಳೆಯ ದಿನಗಳಲ್ಲಿ ಅದರ ಮೇಲೆ ಪ್ಲಾಸ್ಟಿಕ್ ಹಾಳೆಯೊಂದನ್ನು ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಗೋಡೆ ಕಡೆಯ ಮೈಗೆ ನೀರಿನ ಹನಿ ಕಟ್ಟಿದ್ದರೆ ಗೋಡೆಯೊಳಗೆ ತೇವ ಇದೆ. ಹೊರಗಿನ ಸೋರಿಕೆ ನಿಲ್ಲಿಸದೆ ಮೊಸಾಯಿಕ್ ಮಾತೇ ಬೇಡ. ಅಲ್ಲಿಯವರೆಗೆ ಸಿಮೆಂಟ್ ಬೋರ್ಡಿನ ಮೇಲೆ ಮಾಡಿ, ಮೊಳೆ ಹೊಡೆದು ನೇತುಹಾಕಿ. ನಾನು ಆಮೇಲೆ ಜಗುಲಿಯ ಕಟ್ಟೆಯನ್ನು ಗಾರೆವರೆಗೆ ಕೆತ್ತಿ ಮಾಡಿದ್ದು ಈಗಲೂ ಗಟ್ಟಿಯಾಗಿದೆ, ಎರಚಲಿಗೆ ನೆನೆದರೂ.

ಇನ್ನೊಂದು. ನೆಲಕ್ಕೆ ಹಾಕುವ ವಿಟ್ರಿಫೈಡ್ ಟೈಲ್ಸ್ ಸಿಕ್ಕಿತು ಅಂತ ಹೊತ್ತು ತರಬೇಡಿ. ಕಲ್ಲಿನಷ್ಟು ಗಟ್ಟಿ, ಇಕ್ಕಳಕ್ಕೆ ಬಗ್ಗಲ್ಲ. ನೀರು ಹೀರುವುದೂ ಶೇಕಡಾ 0.5ಕ್ಕಿಂತ ಕಡಿಮೆ, ಹಾಗಾಗಿ ನೀರಲ್ಲಿ ಕಲಸಿದ ಬರೀ ಸಿಮೆಂಟಿಗೆ ಹಿಡಿಯಲ್ಲ. ಗೋಡೆಗೆ ಹಾಕುವ ಸಿರಾಮಿಕ್ ತನ್ನಿ. ಬೆನ್ನಿಗೆ ಹನಿ ನೀರು ಬಿಟ್ಟರೆ ಎಳೆದುಕೊಳ್ಳುತ್ತದೆ, ಅದೇ ಗುರುತು. ಒಡೆಯುವಾಗ ಗೋಣಿಚೀಲದೊಳಗಿಟ್ಟು ಒಡೆಯಿರಿ, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ.