ಜರ್ಮನಿ ವೀಸಾ ಇದ್ದರೆ ಎಲ್ಲೆಲ್ಲಿ ಹೋಗಬಹುದು, ಬಾಣಂತನಕ್ಕೆ ಬಂದವರು ಎಷ್ಟು ದಿನ ಇರಬಹುದು

ಆಗಸ್ಟ್‌ನಲ್ಲಿ ಸ್ಟುಟ್‌ಗಾರ್ಟ್‌ಗೆ ಕೆಲಸಕ್ಕೆ ಬರುತ್ತಿದ್ದೀರಿ, ತುಂಬಾ ಸಂತೋಷ. ನೀವು ಕೇಳಿದ್ದು ಎರಡು ವಿಷಯ. ಜರ್ಮನಿ ವೀಸಾ ಇದ್ದವರಿಗೆ ಪ್ಯಾರಿಸ್, ಸ್ವಿಟ್ಜರ್‌ಲ್ಯಾಂಡ್‌ಗೆ ಬೇರೆ ವೀಸಾ ಬೇಕಾ? ಡಿಸೆಂಬರ್‌ನಲ್ಲಿ ಹೆರಿಗೆ, ಬಾಣಂತನಕ್ಕೆ ನಿಮ್ಮ ಅತ್ತೆಯವರನ್ನು ಆರು ತಿಂಗಳು ಕರೆಸಿಕೊಳ್ಳಬಹುದಾ? ಮೊದಲನೆಯದಕ್ಕೆ ಬೇರೆ ವೀಸಾ ಬೇಡ. ಎರಡನೆಯದು ಒಂದೇ ಸಲಕ್ಕೆ ಆಗುವುದಿಲ್ಲ. ನಮ್ಮವರು ಕಷ್ಟಕ್ಕೆ ಸಿಕ್ಕಿಕೊಳ್ಳುವುದು ಎರಡನೆಯದರಲ್ಲೇ. ಅದಕ್ಕೆ ಅದನ್ನೇ ಬಿಡಿಸಿ ಬರೆಯುತ್ತೇನೆ.

ಮೊದಲು ನಿಮ್ಮ ಓಡಾಟ. ಶೆಂಗೆನ್ ಅನ್ನುವುದು ಲಕ್ಸೆಂಬರ್ಗ್‌ನಲ್ಲಿ ಮೊಸೆಲ್ ನದಿ ದಂಡೆಯ ಒಂದು ಪುಟ್ಟ ಊರು. 1985ರ ಜೂನ್‌ನಲ್ಲಿ ಐದು ದೇಶಗಳವರು ಅಲ್ಲಿ ಹಡಗಿನಲ್ಲಿ ಕೂತು, ತಮ್ಮ ನಡುವಿನ ಗಡಿಗಳಲ್ಲಿ ತಪಾಸಣೆ ಬಿಡುವ ಒಪ್ಪಂದಕ್ಕೆ ಸಹಿ ಹಾಕಿದರು. ಈಗ 29 ದೇಶಗಳು ಅದರಲ್ಲಿವೆ. ರೊಮೇನಿಯಾ, ಬಲ್ಗೇರಿಯಾ 2025ರ ಜನವರಿಯಲ್ಲಿ ಪೂರ್ತಿಯಾಗಿ ಸೇರಿದವು. ಸ್ವಿಟ್ಜರ್‌ಲ್ಯಾಂಡ್, ನಾರ್ವೆ ಯುರೋಪಿಯನ್ ಯೂನಿಯನ್‌ನಲ್ಲಿ ಇಲ್ಲ, ಆದರೆ ಇದರಲ್ಲಿ ಇವೆ. ಐರ್ಲೆಂಡ್ ಯೂನಿಯನ್‌ನಲ್ಲಿದೆ, ಇದರಲ್ಲಿ ಇಲ್ಲ. ಬ್ರಿಟನ್ ಎರಡರಲ್ಲೂ ಇಲ್ಲ, ಲಂಡನ್‌ಗೆ ಬೇರೆ ವೀಸಾ ತಗೊಳ್ಳಲೇಬೇಕು.

ನೀವು ಬರುವ ಉದ್ಯೋಗದ ವೀಸಾ, ಆಮೇಲೆ ಕೈಗೆ ಸಿಗುವ ವಾಸದ ಪರವಾನಗಿಯ ಕಾರ್ಡ್, ಎರಡರಲ್ಲೂ ಉಳಿದ ಶೆಂಗೆನ್ ದೇಶಗಳಲ್ಲಿ 180 ದಿನಕ್ಕೆ 90 ದಿನ ಸುತ್ತಬಹುದು. ಜರ್ಮನಿಯಲ್ಲಿ ಇರುವ ದಿನಗಳು ಆ ಲೆಕ್ಕಕ್ಕೆ ಸೇರುವುದಿಲ್ಲ. ಕೇಲ್ ಊರಿನಲ್ಲಿ ಟ್ರಾಮ್ ಹತ್ತಿದರೆ ರೈನ್ ನದಿ ದಾಟಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ಗೆ ಹೋಗುತ್ತದೆ, ಅತ್ತಿಬೆಲೆ ದಾಟಿ ಹೊಸೂರಿಗೆ ಹೋದ ಹಾಗೆ. ಆದರೂ ಪಾಸ್‌ಪೋರ್ಟ್ ಮತ್ತು ಕಾರ್ಡ್ ಎರಡೂ ಜೊತೆಗಿರಲಿ. 2024ರ ಸೆಪ್ಟೆಂಬರ್‌ನಲ್ಲಿ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆ ಶುರುಮಾಡಿತು. ರೈಲಿಗೆ, ಬಸ್ಸಿಗೆ ಪೊಲೀಸರು ಹತ್ತಿ ಕೇಳುತ್ತಾರೆ. ಫೋನಿನಲ್ಲಿರುವ ಫೋಟೊ ನಡೆಯುವುದಿಲ್ಲ.

ಇನ್ನೊಂದು ಮಾತು. ವೀಸಾ ಮುಗಿದು ಕಾರ್ಡ್ ಇನ್ನೂ ಬಂದಿಲ್ಲ ಅಂದರೆ ವಿದೇಶಿಯರ ಕಚೇರಿಯವರು ತಾತ್ಕಾಲಿಕ ಕಾಗದ ಕೊಡುತ್ತಾರೆ. ಅದರಲ್ಲಿ ಬೇರೆ ಬೇರೆ ಬಗೆ ಇವೆ, ಕೆಲವು ಗಡಿ ದಾಟಿ ಮರಳಿ ಬರಲು ಸಲ್ಲುವುದಿಲ್ಲ. ಕೊಟ್ಟವರನ್ನೇ ಕೇಳಿ, ಆಮೇಲೆ ಹೊರಡಿ.

ಈಗ ಅತ್ತೆಯವರ ವಿಷಯ. ಅವರಿಗೆ ಸಿಗುವುದು ಅಲ್ಪಾವಧಿಯ ವೀಸಾ, ಯಾವುದೇ 180 ದಿನಗಳಲ್ಲಿ ಹೆಚ್ಚೆಂದರೆ 90 ದಿನ. ಇದು 29 ದೇಶಕ್ಕೂ ಸೇರಿಸಿ ಒಂದೇ ಲೆಕ್ಕ. ವಾರಕ್ಕೆಂದು ಜ್ಯೂರಿಕ್‌ಗೆ ಕರೆದುಕೊಂಡು ಹೋದರೆ ಆ ದಿನಗಳೂ ಎಣಿಕೆಯಲ್ಲೇ ಇರುತ್ತವೆ. ಲಂಡನ್‌ಗೆ ಹೋಗಿ ಬಂದರೆ ಲೆಕ್ಕ ಹೊಸದಾಗಿ ಶುರುವಾಗುತ್ತದೆ ಅಂತ ಯಾರೋ ಹೇಳುತ್ತಾರೆ, ನಂಬಬೇಡಿ. ಇಳಿದ ದಿನ, ಹೊರಟ ದಿನ, ಎರಡೂ ಪೂರ್ತಿ ದಿನಗಳೇ. ಡಿಸೆಂಬರ್ 1ಕ್ಕೆ ಇಳಿದರೆ ಫೆಬ್ರವರಿ 28ಕ್ಕೆ ತೊಂಬತ್ತು ಮುಗಿಯಿತು. ಇನ್ನೊಂದು ತೊಂಬತ್ತು ದಿನ ಸಿಗುವುದು ಮೇ 30ರಿಂದ, ಅದೂ ವೀಸಾಕ್ಕೆ ಅವಧಿ ಉಳಿದಿದ್ದರೆ. ಮಗುವನ್ನು ನೋಡಿಕೊಳ್ಳಬೇಕು ಅನ್ನುವ ಕಾರಣಕ್ಕೆ ವಿಸ್ತರಣೆ ಸಿಗುತ್ತದೆ ಅಂತ ಲೆಕ್ಕ ಹಾಕಬೇಡಿ. ಪ್ರಯಾಣವೇ ಮಾಡಲಾಗದಂಥ ಕಾಯಿಲೆ, ಅಂಥ ದೊಡ್ಡ ಕಾರಣ ಬೇಕು.

ನಮ್ಮಲ್ಲಿ ಬಹಳ ಮನೆಗಳಲ್ಲಿ ಮಾಡುವುದು ಹೀಗೆ: ಮೊದಲು ಮಗಳ ತಾಯಿ ಬಂದು ಬಾಣಂತನ ಮುಗಿಸಿ ಹೊರಡುತ್ತಾರೆ, ಆ ಹೊತ್ತಿಗೆ ಗಂಡನ ತಾಯಿ ಬರುತ್ತಾರೆ. ಒಬ್ಬೊಬ್ಬರ ಲೆಕ್ಕವೂ ಬೇರೆ, ಆದ್ದರಿಂದ ಆರು ತಿಂಗಳು ಮನೆಯಲ್ಲಿ ಒಬ್ಬ ಹಿರಿಯರು ಇರುತ್ತಾರೆ. ನಿಮ್ಮ ತಾಯಿಯವರು ಬರಲು ಸಾಧ್ಯವಾ ಅಂತ ಈಗಲೇ ಕೇಳಿ. ಡಿಸೆಂಬರ್ ಚಳಿಯಲ್ಲಿ ಸ್ನಾನದ ನೀರು ಕಾಯಿಸಿ ಕೊಡುವವರು ಒಬ್ಬರಿದ್ದರೆ ನಿಮ್ಮ ಹೆಂಡತಿಗೆ ಎಷ್ಟು ಧೈರ್ಯ, ಅಲ್ವಾ.

ಒಂದೇ ಒಂದು ದಿನ ಜಾಸ್ತಿ ಇದ್ದರೂ ಈಗ ಮುಚ್ಚಿಡಲು ಆಗುವುದಿಲ್ಲ. 2025ರ ಅಕ್ಟೋಬರ್‌ನಲ್ಲಿ ಹೊರಗಿನ ಗಡಿಗಳಲ್ಲಿ ಬೆರಳಚ್ಚು, ಮುಖದ ಫೋಟೊ ದಾಖಲಿಸುವ ವ್ಯವಸ್ಥೆ ಶುರುವಾಯಿತು. ಮುಂಚೆ ಮುದ್ರೆ ನೋಡಿ ಎಣಿಸುತ್ತಿದ್ದರು, ಈಗ ಕಂಪ್ಯೂಟರ್ ಎಣಿಸುತ್ತದೆ. ದಂಡ ಬೀಳಬಹುದು, ಮುಂದಿನ ವೀಸಾಕ್ಕೂ ಕಲ್ಲು ಬೀಳಬಹುದು. ವಯಸ್ಸಾದ ತಾಯಿಯನ್ನು ವಿಮಾನ ನಿಲ್ದಾಣದಲ್ಲಿ ಆ ಪ್ರಶ್ನೆಗಳಿಗೆ ನಿಲ್ಲಿಸಬೇಡಿ.

ಖರ್ಚು: ದೊಡ್ಡವರಿಗೆ ವೀಸಾ ಶುಲ್ಕ 90 ಯೂರೊ, ಅರ್ಜಿ ತಗೊಳ್ಳುವ ಏಜೆನ್ಸಿಯ ಶುಲ್ಕ ಬೇರೆ. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಖರ್ಚೆಲ್ಲ ನಿಮ್ಮದೇ ಅನ್ನುವ ಜವಾಬ್ದಾರಿ ಪತ್ರವನ್ನು ಇಲ್ಲಿನ ವಿದೇಶಿಯರ ಕಚೇರಿಯಲ್ಲಿ 29 ಯೂರೊ ಕೊಟ್ಟು ಮಾಡಿಸಿ, ಮೂಲ ಪ್ರತಿಯನ್ನೇ ಊರಿಗೆ ಕಳಿಸಿ. ಪ್ರಯಾಣಕ್ಕೆ ಆರು ತಿಂಗಳು ಮುಂಚೆಯಿಂದಲೇ ಅರ್ಜಿ ಹಾಕಬಹುದು. ನೀವು ಬಂದು ಇಳಿದ ಕೂಡಲೇ ಈ ಕೆಲಸ ಶುರುಮಾಡಿ, ಆ ಕಚೇರಿಯಲ್ಲಿ ದಿನಾಂಕ ಸಿಗಲು ಕಾಯಬೇಕಾಗುತ್ತದೆ.

ವೀಸಾ ಬಂದ ಮೇಲೆ ಸ್ಟಿಕ್ಕರ್‌ನಲ್ಲಿ ಮೂರು ಕಡೆ ನೋಡಿ: ಯಾವ ದಿನದಿಂದ ಯಾವ ದಿನದವರೆಗೆ, ಎಷ್ಟು ಸಲ ಒಳಗೆ ಬರಬಹುದು, ಒಟ್ಟು ಎಷ್ಟು ದಿನ. ವರ್ಷದ ವೀಸಾ ಅಂದರೆ ವರ್ಷವಿಡೀ ಇರಬಹುದು ಅಂತಲ್ಲ. ಕೆಲವರಿಗೆ 90ರ ಬದಲು 45 ದಿನ ಬರೆದಿರುತ್ತಾರೆ. ಹಿಂತಿರುಗುವ ಟಿಕೆಟನ್ನು ಆ ಮೂರನೇ ಅಂಕಿ ನೋಡಿಯೇ ಪಕ್ಕಾ ಮಾಡಿ, ಎರಡು ಮೂರು ದಿನ ಕೈಯಲ್ಲಿ ಉಳಿಯುವ ಹಾಗೆ.