ನೇರವಾಗಿ ವಸ್ತುವನ್ನೇ ತಯಾರಿಸದೆ ಮೊದಲು ಪ್ರೊಟೊಟೈಪ್ ಮಾಡುವುದೇಕೆ?

ತಪ್ಪನ್ನು ಅಗ್ಗವಾಗಿ ತಿದ್ದಬಹುದಾದ ಹೊತ್ತಿನಲ್ಲೇ ಅದನ್ನು ಕಂಡುಕೊಳ್ಳಲು. ಪ್ರೊಟೊಟೈಪ್ ಎಂದರೆ ಪರೀಕ್ಷೆಗಾಗಿ ಮಾಡಿದ ಕಚ್ಚಾ ಮಾದರಿ. ಅಚ್ಚು ಹಾಕಿಸಿದ ಮೇಲೆ ಅಳತೆ ಬದಲಿಸಬೇಕೆಂದರೆ ಅಚ್ಚನ್ನೇ ತಿದ್ದಿಸಬೇಕು. ಬಟ್ಟೆಯಲ್ಲಿ ಹೊಲಿದ ಮಾದರಿಗಾದರೆ ಸೂಜಿ, ಕತ್ತರಿ ಸಾಕು.

ಕೊಡಗಿನ ತೋಟಗಳಿಗೆಂದು ಕಾಫಿ ಕೊಯ್ಲಿನ ಚೀಲವೊಂದನ್ನು ವಿನ್ಯಾಸಗೊಳಿಸುತ್ತಿದ್ದೀರಿ ಎನ್ನೋಣ. ಹಳೆಯ ಗೋಣಿಯಿಂದಲೇ ಒಂದನ್ನು ಹೊಲಿದು, ಕೊಯ್ಯುವವರ ಸೊಂಟಕ್ಕೆ ಕಟ್ಟಿ ನೋಡಿ. ಇಳಿಜಾರಿನಲ್ಲಿ ಬಗ್ಗಿದಾಗ ತುಂಬಿದ ಚೀಲ ಮುಂದಕ್ಕೆ ಜಗ್ಗುತ್ತದೆ, ಬಾಯಿ ಅಗಲವಾಗಿದ್ದರೆ ಹಣ್ಣು ಚೆಲ್ಲುತ್ತದೆ, ಪಟ್ಟಿ ರೆಂಬೆಗೆ ಸಿಕ್ಕಿಕೊಳ್ಳುತ್ತದೆ. ಇವು ಕಾಗದದ ಮೇಲೆ ಕಾಣುವ ಸಂಗತಿಗಳಲ್ಲ.

ಮಾದರಿಯನ್ನು ಅಂದಗೊಳಿಸಲು ಹೋಗಬೇಡಿ. ಅದು ನಾಜೂಕಾಗಿದ್ದರೆ ಕೊಯ್ಯುವವರು ಸಂಕೋಚದಿಂದ ‘ಚೆನ್ನಾಗಿದೆ’ ಎಂದುಬಿಡುತ್ತಾರೆ. ಒರಟಾಗಿದ್ದರೆ ‘ಈ ಪಟ್ಟಿ ಕೆಳಗಿಳಿಸಿ’ ಎನ್ನಲು ಹಿಂಜರಿಯುವುದಿಲ್ಲ.